ಅಕ್ಕನ ದಪ್ಪ ದನಿ

ಆರೇ ತಿಂಗಳಲ್ಲಿ ಅಕ್ಕನ ದನಿ ಗಂಡಸಿನ ದನಿಯಂತಾಯಿತು, ಗದ್ದದಲ್ಲಿ ಕೂದಲೂ ಬಂತು. "ಮೂತ್ರಪಿಂಡದ ಮೇಲಿರೋ ಗ್ರಂಥಿಗೆ ಕ್ಯಾನ್ಸರ್, ಬಹಳ ಅಪರೂಪದ್ದು. ಅದು ಗಂಡಸರ ಹಾರ್ಮೋನು ಸುರೀತಿದೆ, ಅದಕ್ಕೇ ದನಿ ಒಡೆದಿದೆ" ಎಂದರು ಡಾಕ್ಟರು.

ಆಪರೇಷನ್ನಿನ ಮರುದಿನ ಅವಳ ಗಂಟಲಲ್ಲಿ ಉಸಿರಾಟದ ಕೊಳವೆಯಿತ್ತು. ನಾನು ಬಟ್ಟೆ ತರಲು ಮನೆಗೆ ಹೋದೆ. ಮಟಮಟ ಮಧ್ಯಾಹ್ನದಲ್ಲೂ ಬಾಗಿಲ ಚಿಲಕ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬೀರು ತೆಗೆದಾಗ ಅವಳ ಕೋಣೆಯಿಂದ ಅದೇ ದಪ್ಪ ದನಿ ಕರೆಯಿತು: "ಪುಟ್ಟಾ, ಇಲ್ಲಿ ಬಾರೋ. ಕೈ ಹಿಡ್ಕೊಳ್ಳೋ."

ಮತ್ತೆ ಮತ್ತೆ ಕರೆಯಿತು. ಸಿಕ್ಕ ಬಟ್ಟೆ ಬಾಚಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಆಸ್ಪತ್ರೆಯಲ್ಲಿ ಕೊಳವೆ ಹಾಗೇ ಇತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು. "ಮಾತಾಡೋಕೆ ಆಗಲ್ವಲ್ಲ, ನಿಮಗೆ ಅಂತ ಬರೆದಿದಾರೆ" ಎಂದು ನರ್ಸ್ ಚೀಟಿ ಕೊಟ್ಟಳು.

ಅಕ್ಕನದೇ ಅಕ್ಷರ: "ಅಷ್ಟು ಸಲ ಕರೆದರೂ ತಿರುಗಿ ನೋಡದೆ ಓಡಿದೆಯಲ್ಲೋ."