ಒಂದು ದಿನದ ಚೀಟಿ

"ನಿಲ್ಲಿ... ಕತ್ತರಿಸಬೇಡಿ!"

ಸಾಲ್ಹಾಳ ಕೈಯ ಕತ್ತರಿ ಜಾರಿತು. ಚೀಟಿಗೆ ಅಂಟಿಸಲು ಅಳತೆಗೆ ಕತ್ತರಿಸುತ್ತಿದ್ದ ಬೇರೊಬ್ಬ ಗಿರಾಕಿಯ ಭಾವಚಿತ್ರದಲ್ಲಿ ಎಡಗಿವಿ ಹಾರಿಹೋಯಿತು.

"ಏನ್ರೀ ಇದು! ಹೀಗೆ ಕೂಗಿದ್ರೆ ಕಿವಿಯಲ್ಲ, ತಲೆಯೇ ಹೋಗುತ್ತೆ!"

ಕಿಟಕಿಯಾಚೆ ನಿಂತವನ ಮುಖ ಸುಣ್ಣದಂತಾಗಿತ್ತು. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು.

"ಏನಿಲ್ಲ... ಬೆರಳು ಕೊಯ್ದುಕೊಳ್ತೀರಿ ಅನ್ನಿಸಿತು."

ಸುಳ್ಳು, ಎಂದುಕೊಂಡಳು ಸಾಲ್ಹಾ. ಆದರೆ ಎಂಥ ಸುಳ್ಳೆಂದು ತಿಳಿಯಲಿಲ್ಲ.

ಆಚೆ ದಡದ ಸ್ಫಾಕ್ಸ್ ಪಟ್ಟಣದಿಂದ ದ್ವೀಪಕ್ಕೆ ಬರುವ ಹಡಗು ನಿಲ್ಲುವ ಕಡೆ, ಮೀನುಗಾರರ ಸಂಘದ ಕೋಣೆಯಲ್ಲಿ ಅವಳದೊಂದು ಕಿಟಕಿ. ದ್ವೀಪಕ್ಕೆ ಬಂದುಹೋಗುವವರಿಗೆ ಗಾಳ ಹಾಕುವ ಪರವಾನಗಿ ಚೀಟಿ ಬರೆದುಕೊಡುವುದು ಅವಳ ಕೆಲಸ. ದಿನಕ್ಕೆ ನೂರು ಸಲ ಹೇಳುವುದನ್ನೇ ಅವನಿಗೂ ಹೇಳಿದಳು.

"ದಂಡೆ ಮೇಲೆ ನಿಂತು ಹಿಡಿಯೋದಾದ್ರೆ ದಿನಕ್ಕೆ ಮೂರು ದಿನಾರ್, ವಾರಕ್ಕೆ ಹತ್ತು. ದೋಣಿಯಲ್ಲಿ ಹೋದ್ರೆ ಬೇರೆ. ಮೀನು ಹಿಡಿಯೋಕೆ ನೀರಲ್ಲಿ ನೆಟ್ಟಿರೋ ಖರ್ಜೂರದ ಗರಿಯ ಬೇಲಿ ಹತ್ರ ಗಾಳ ಹಾಕಬೇಡಿ, ಅವೆಲ್ಲ ಒಂದೊಂದು ಮನೆಯವರ ಸ್ವತ್ತು. ಊರವರಿಗೆ ಚೀಟಿ ಬೇಡ. ಊರವರು ಅಂದ್ರೆ ಇಲ್ಲಿ ಮನೆ ಇರೋರು... ಇಲ್ಲ, ಇಲ್ಲಿನ ಮಣ್ಣಲ್ಲಿ ತಮ್ಮವರು ಮಲಗಿರೋರು. ನಿಮ್ಮವರು ಯಾರಾದ್ರೂ?"

ಅವನು ಜೇಬಿನಿಂದ ಮೂರು ದಿನಾರ್ ತೆಗೆದು ಎಣಿಸಿದ.

"ಇಲ್ಲ. ಯಾರೂ ಇಲ್ಲ. ಒಂದು ದಿನದ್ದು ಕೊಡಿ."

ಚೀಟಿಯ ಮೇಲೆ ಹೆಸರು ಬರೆದಳು: ತೈಯಿಬ್. ಊರು: ರೆದೇಯೆಫ್. ಗಣಿಯ ಊರು, ಸಮುದ್ರದಿಂದ ಬಹುದೂರ.

ಮರುದಿನ ಅವನು ಮತ್ತೆ ಬಂದ. "ಒಂದು ದಿನದ್ದು." ಅದರ ಮರುದಿನವೂ...

"ವಾರದ್ದು ತಗೊಂಡ್ರೆ ಅಗ್ಗ ಅಂತ ಎಷ್ಟು ಸಲ ಹೇಳ್ಲಿ?"

"ನಾಳೆ ಇರ್ತೀನೋ ಇಲ್ವೋ ಗೊತ್ತಿಲ್ಲ."

ಕಿಟಕಿಯ ಪಕ್ಕದಲ್ಲಿ ಗಾಳದ ಹುಳ ಮಾರುವ ಖದೂಜಜ್ಜಿ ಬೊಚ್ಚುಬಾಯಿ ಅಗಲಿಸಿದಳು. "ಇವನು ನನ್ನ ಹತ್ರ ಒಂದು ಹುಳವನ್ನೂ ಕೊಂಡಿಲ್ಲ ಕಣೇ! ಬರಿ ಗಾಳ ನೀರಿಗೆ ಬಿಟ್ಟು ಕೂತಿರ್ತಾನೆ. ಇವನು ಹಿಡಿಯೋಕೆ ಬಂದಿರೋ ಮೀನು ಈ ಕಿಟಕಿ ಒಳಗಿದೆ!"

"ಸುಮ್ನಿರಜ್ಜಿ!"

ಸಾಲ್ಹಾಳ ಕೆನ್ನೆ ಕೆಂಪಾಯಿತು. ಮೂವತ್ತೆರಡು ವರ್ಷ. ಈ ಕಿಟಕಿಗೆ ಯಾರೂ ಅವಳಿಗಾಗಿ ಬಂದದ್ದಿಲ್ಲ. ನಿಜವಿರಬಹುದೇ...?

ನಾಲ್ಕನೆಯ ದಿನ ಅವನು ಬಿಸಿ ರೊಟ್ಟಿಗೆ ಹರೀಸ ಎಂಬ ಕೆಂಪು ಮೆಣಸಿನ ಚಟ್ನಿ ಸವರಿ ತಂದ. ಐದನೆಯ ದಿನ ಅವಳು ಚಹಾ ಕಾಯಿಸಿಟ್ಟಳು. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಆ ಮೌನ ಅವಳಿಗೆ ಹಿತವಾಗಿತ್ತು.

ಏಳನೆಯ ದಿನ ಅವಳೇ ಕೇಳಿದಳು. "ಊರಲ್ಲಿ ಯಾರ್ ಯಾರಿದೀರಿ?"

"ಅಮ್ಮ. ನಾನು. ತಮ್ಮ ಒಬ್ಬ... ವಜ್ದಿ. ಕ್ಷೌರ ಮಾಡ್ತಿದ್ದ. ಮಾಡ್ತಾನೆ. ಹೋದ ಚಳಿಗಾಲದಲ್ಲಿ ಇಟಲಿಗೆ ಅಂತ ದೋಣಿ ಹತ್ತಿದ. ಅಲ್ಲಿ ಅಂಗಡಿ ಇಟ್ಟಿರ್ತಾನೆ. ಫೋನ್ ಮಾಡೋಕೆ ಬಿಡುವಿರಲ್ಲ."

ಹೇಳುತ್ತ ಅವನು ಮೇಜಿನ ಮೇಲಿದ್ದ ಕತ್ತರಿಯನ್ನೇ ನೋಡುತ್ತಿದ್ದ.

ಸಾಲ್ಹಾ ಕೂಡ ಅದರತ್ತ ನೋಡಿದಳು.

ಕ್ಷೌರದ ಕತ್ತರಿ. ಹಿಡಿಯ ಒಂದು ಉಂಗುರಕ್ಕೆ ನೀಲಿ ತಂತಿ ಸುತ್ತಿದ ಕತ್ತರಿ.

ಹೋದ ಚಳಿಗಾಲ ಅವಳ ಅಪ್ಪನ, ಅಂದರೆ ಅಮ್ಮಾರ್‌ನ, ಗರಿಬೇಲಿಗೆ ಮೀನಿನ ಜೊತೆ ಒಬ್ಬ ಹುಡುಗನ ದೇಹ ಬಂದಿತ್ತು. ಮುಖ ಉಳಿದಿರಲಿಲ್ಲ. ಅಂಗಿಯೊಳಗೆ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಸುತ್ತಿದ ಈ ಕತ್ತರಿಯಿತ್ತು. ಹೆಣ ಬಂದ ಬೇಲಿಯ ಮೀನನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅಪ್ಪ ಇಬ್ಬರನ್ನು ಕರೆದು, ಬೆಳಕು ಹರಿಯುವ ಮೊದಲೇ ನಮಾಜು ಓದಿ ಮಣ್ಣು ಮಾಡಿದ. ಯಾರಿಗೂ ಹೇಳಲಿಲ್ಲ.

ಆದರೆ ದ್ವೀಪದ ಹಳೆಯ ರೂಢಿಯೊಂದನ್ನು ಅವನು ಮೀರಲಿಲ್ಲ. ಬೇಲಿಗೆ ಬಂದ ಪರರ ವಸ್ತುವನ್ನು ಬಂದರಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಲ್ಲಿ ಇಡಬೇಕು. ಗುರುತಿಸಿ ಕೇಳಿದವರಿಗೆ ಕೊಡಬೇಕು. ಕೇಳದವರಿಗೆ ಹೇಳಬಾರದು.

"ನಿನ್ನ ಮೇಜಿನ ಮೇಲಿರಲಿ ಮಗಳೇ," ಎಂದಿದ್ದ ಅಪ್ಪ. "ಬರೋರೆಲ್ಲ ನಿನ್ನ ಕಿಟಕಿಗೇ ಬರ್ತಾರೆ."

ಹಾಗಾದರೆ ತೈಯಿಬ್ ಬರುತ್ತಿದ್ದುದು ಕತ್ತರಿಗಾಗಿ... ತನಗಾಗಿ ಅಲ್ಲ!

ಮೊದಲ ದಿನವೇ ಗುರುತಿಸಿದ್ದಾನೆ. ಆದರೂ ಕೇಳುತ್ತಿಲ್ಲ. ಕೇಳಿದರೆ ತಮ್ಮ ಸತ್ತಂತೆ. ಕೇಳದಿದ್ದರೆ ಇಟಲಿಯಲ್ಲಿ ಯಾರದೋ ತಲೆಗೂದಲು ಕತ್ತರಿಸುತ್ತಿರುತ್ತಾನೆ. ದಿನಕ್ಕೆ ಮೂರು ದಿನಾರ್ ಕೊಟ್ಟು ಅವನು ತಮ್ಮನಿಗೆ ಒಂದೊಂದೇ ದಿನ ಆಯಸ್ಸು ಕೊಳ್ಳುತ್ತಿದ್ದ.

ಆ ಸಂಜೆ ಸಾಲ್ಹಾ ಒಂದು ಪಾಪ ಮಾಡಿದಳು. ಕತ್ತರಿಯನ್ನು ತೆಗೆದು ಮೇಜಿನ ಖಾನೆಯೊಳಗೆ ಹಾಕಿ ಬೀಗ ಜಡಿದಳು.

ಕೊಟ್ಟರೆ ಅವನು ಹೋಗುತ್ತಾನೆ. ಇನ್ನು ಸ್ವಲ್ಪ ದಿನ... ಸ್ವಲ್ಪವೇ ದಿನ!

ಮರುದಿನ ತೈಯಿಬ್ ಬರಿದಾದ ಜಾಗವನ್ನು ನೋಡಿದ. ಏನೂ ಕೇಳಲಿಲ್ಲ. "ಒಂದು ದಿನದ್ದು," ಎಂದ. ಅವನ ದನಿ ಮಾತ್ರ ನೀರಿಲ್ಲದ ಬಾವಿಯಂತಿತ್ತು.

ಐದು ದಿನ ಹೀಗೇ ಕಳೆಯಿತು. ಬೀಗದ ಕೈ ಅವಳ ಕೊರಳಲ್ಲಿ ಕಲ್ಲಿನಂತೆ ತೂಗುತ್ತಿತ್ತು.

ಆರನೆಯ ದಿನ ಅವನು ಚೀಲ ಹೆಗಲಿಗೇರಿಸಿ ಬಂದ.

"ಇವತ್ತು ಚೀಟಿ ಬೇಡ. ಮಧ್ಯಾಹ್ನದ ಹಡಗಿಗೆ ಹೋಗ್ತಿದೀನಿ. ಅಮ್ಮ ಒಬ್ಬಳೇ ಇದಾಳೆ."

"ಅಮ್ಮನಿಗೆ... ಏನು ಹೇಳ್ತೀರಿ?"

"ಏನೂ ಸಿಗಲಿಲ್ಲ ಅಂತೀನಿ." ಅವನು ನಗಲು ನೋಡಿದ. "ದಿನಾ ಬಾಗಿಲು ತೆರೆದಿಟ್ಟೇ ಮಲಗ್ತಾಳೆ. ಮಲಗಲಿ."

ಇನ್ನೆಷ್ಟು ವರ್ಷ ಆ ಬಾಗಿಲು ತೆರೆದಿರಬೇಕು? ತನ್ನಿಂದಾಗಿ!

ಸಾಲ್ಹಾ ಕೊರಳಿನಿಂದ ಬೀಗದ ಕೈ ತೆಗೆದಳು. ಬೀಗ ತೆರೆದಳು. ಕತ್ತರಿಯನ್ನು ಕಿಟಕಿಯ ಕಟ್ಟೆಯ ಮೇಲೆ, ಅವನ ಮುಂದೆ ಇಟ್ಟಳು.

"ಕೇಳದೆ ಹೇಳಬಾರದು ಅಂತ ನಮ್ಮಲ್ಲಿ ರೂಢಿ. ಆದ್ರೂ ಹೇಳ್ತೀನಿ. ಇದು ನಮ್ಮಪ್ಪನ ಬೇಲಿಗೆ ಬಂತು. ಒಂಟಿಯಾಗಿ ಬರಲಿಲ್ಲ..."

ತೈಯಿಬ್ ನೀಲಿ ತಂತಿಯ ಮೇಲೆ ಬೆರಳಾಡಿಸಿದ.

"ನಾನೇ ಸುತ್ತಿಕೊಟ್ಟಿದ್ದು. ಹೆಬ್ಬೆರಳು ನೋಯುತ್ತೆ ಅಂತಿದ್ದ." ತಟ್ಟನೆ ತಲೆಯೆತ್ತಿದ. "ಐದು ದಿನ ಬಚ್ಚಿಟ್ಟಿದ್ರಿ!"

"ಹೌದು."

"ಯಾಕೆ?"

"ಕೊಟ್ರೆ ನೀವು ಹೋಗ್ತೀರಿ ಅಂತ!" ಅವಳ ಕಣ್ಣಲ್ಲಿ ನೀರು ತುಂಬಿತು. "ಬೈಯಿರಿ. ಬೈಯಿಸ್ಕೊಳ್ಳೋ ಕೆಲಸಾನೇ ಮಾಡಿದೀನಿ."

ಅವನು ಬೈಯಲಿಲ್ಲ. ಕಟ್ಟೆಗೆ ಹಣೆಯಿಟ್ಟ. ಬೆನ್ನು ಅದುರುತ್ತಿತ್ತು, ದನಿಯಿಲ್ಲ. ಖದೂಜಜ್ಜಿ ತನ್ನ ಹುಳದ ಡಬ್ಬಿಯನ್ನು ಸದ್ದಿಲ್ಲದೆ ಮುಚ್ಚಿ, ತಲೆಯ ಬಟ್ಟೆಯನ್ನು ಮುಖಕ್ಕೆಳೆದುಕೊಂಡಳು. ಮಧ್ಯಾಹ್ನದ ಹಡಗು ಕೂಗಿ ಹೊರಟುಹೋಯಿತು.

ಸ್ಮಶಾನ ದ್ವೀಪದ ಬಡಗಣ ತುದಿಯಲ್ಲಿತ್ತು. ಅಮ್ಮಾರ್ ಮುಂದೆ ನಡೆದ. ಹೆಸರಿಲ್ಲದ ಗೋರಿಯ ಸುತ್ತ ಅವನೇ ಕಟ್ಟಿದ್ದ ಸಣ್ಣ ಗರಿಬೇಲಿ, ಮರಳು ನುಗ್ಗದಂತೆ.

"ಸಂತೆಗೆ ಹೆದರಿ ಬಾಯಿ ಮುಚ್ಚಿಕೊಂಡೆ ಮಗನೇ," ಎಂದ ಮುದುಕ. "ಇನ್ನು ನಾನೇ ಹೋಗಿ ಠಾಣೆಯಲ್ಲಿ ಹೇಳ್ತೀನಿ. ಹಲಗೆ ಮೇಲೆ ಹೆಸರು ಬರೆಸು. ನನ್ನ ಮೀನು ಯಾರೂ ಕೊಳ್ಳದಿದ್ರೆ ನಾವೇ ತಿನ್ನೋಣ."

ಅಪ್ಪ ಹೋದ ಮೇಲೆ ಇಬ್ಬರೇ ಉಳಿದರು. ಗಾಳಿಯಲ್ಲಿ ಉಪ್ಪಿತ್ತು.

"ಅಮ್ಮನನ್ನ ಇಲ್ಲಿಗೆ ಕರ್ಕೊಂಡು ಬರಬೇಕು," ಎಂದ ತೈಯಿಬ್.

"ಬನ್ನಿ. ಆಮೇಲೆ ನನ್ನ ಕಿಟಕಿಗೆ ಬರಬೇಕಾಗಿಲ್ಲ. ಕತ್ತರಿ ನಿಮ್ಮ ಹತ್ರಾನೇ ಇದೆಯಲ್ಲ."

ಅವನು ಅವಳ ಕಡೆ ತಿರುಗಿದ. ಮೊದಲ ಬಾರಿಗೆ ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು.

"ಏಳು ದಿನ ಕತ್ತರಿ ನೋಡೋಕೇ ಬಂದೆ, ನಿಜ. ಅದು ಮೇಜಿನ ಮೇಲೆ ಇಲ್ಲದ ಐದು ದಿನ ಯಾಕೆ ಬಂದೆ ಅಂತ ನೀನು ಕೇಳಲೇ ಇಲ್ಲ, ಸಾಲ್ಹಾ."

ನೀನು ಎಂದ!

"ಕೇಳಿದವರಿಗೆ ಮಾತ್ರ ಹೇಳೋದು ತಾನೇ ನಿಮ್ಮ ರೂಢಿ? ಕೇಳು."

"ಯಾಕೆ... ಬಂದ್ರಿ?"

"ನಿನ್ನ ಬಿಟ್ಟು ಬೇರೆ ಯಾರಿಗೂ ನಾನು ಇನ್ನೊಂದು ದಿನ ಬದುಕಿದೀನಿ ಅಂತ ಹೇಳಬೇಕು ಅನ್ನಿಸ್ತಿರಲಿಲ್ಲ."

ಅವಳು ಮುಖ ತಿರುಗಿಸಿ, ಕಣ್ಣೊರೆಸಿಕೊಂಡಳು.

"ಮತ್ತೆ ಬರುವಾಗ... ಯಾವ ಚೀಟಿ ಬರೆದಿಡ್ಲಿ? ದಿನದ್ದಾ, ವಾರದ್ದಾ?"

ತೈಯಿಬ್ ಬಗ್ಗಿ, ತಮ್ಮನ ಗೋರಿಯ ಮೇಲೆ ಅಂಗೈಯಿಟ್ಟ.

"ಚೀಟಿ ಬೇಡ, ಸಾಲ್ಹಾ. ನಾನೀಗ ಈ ಊರವನು."