ಬಿಸಿ ಮಾಡದ ಬೆಸುಗೆ

"ಈ ತೋಳು ಈ ಗಾಡಿಗೆ ಕೂರಲ್ಲ. ತಗೊಂಡು ಹೋಗಿ."

ಅವಳು ಅವನಿಗೆ ಹೇಳಿದ ಮೊದಲ ಮಾತೇ ಅದು.

ಅವನು ಜಗ್ಗಲಿಲ್ಲ. ಹಿಂದಿನ ಚಕ್ರವನ್ನು ಒಂದೇ ಕಡೆಯಿಂದ ಹಿಡಿಯುವ, ಬೇರೆ ಯಾವುದೋ ಬೈಕಿನಿಂದ ಬಿಚ್ಚಿ ತಂದ ಆ ಸ್ವಿಂಗ್‌ಆರ್ಮನ್ನು ಮಗುವಿನಂತೆ ಎದೆಗವಚಿಕೊಂಡು ವೆಲ್ಡಿಂಗ್ ಅಂಗಡಿಯ ಬಾಗಿಲಲ್ಲೇ ನಿಂತ.

"ನಾಲ್ಕು ಅಂಗಡಿಯವರು ಇದನ್ನೇ ಹೇಳಿದ್ರು. ನೀವಾದ್ರೂ ಬೇರೆ ಏನಾದ್ರೂ ಹೇಳ್ತೀರಾ ಅಂತ ಬಂದೆ."

ಲೋಹ ಕಡೆಯುವ ಲೇತ್ ಯಂತ್ರದ ಮುಂದಿದ್ದ ಅವಳ ಅಪ್ಪ ನಕ್ಕರು. "ಆನೆ ಕಾಲನ್ನ ಕುದುರೆಗೆ ಕಟ್ಟು ಅಂತಾನಲ್ಲ ಮಗಳೇ. ಕಟ್ಟಿಬಿಡು, ಪಾಪ."

ಅವನು ರೇಸ್ ಬೈಕಿನ ಮೆಕ್ಯಾನಿಕ್, ಅವಳು ವೆಲ್ಡರ್. ಎರಡು ತಿಂಗಳು ಇಬ್ಬರೂ ಅದೇ ಬೈಕಿನ ಎರಡು ಬದಿಗೆ ಕೂತರು. ತೋಳಿನ ಕೀಲಿಗೆ ಬುಷ್ ಎಂಬ ಲೋಹದ ಬಳೆ ಕಡೆದರು, ಚಕ್ರ ನಡುವಿಗೆ ಬರುವ ತನಕ ಕೂದಲೆಳೆಯಷ್ಟೇ ಸರಿಸಿದರು, ಚೈನನ್ನು ನೇರ ಮಾಡಿದರು. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಹೊರಡಲಿಲ್ಲ. ಎಂಥ ಜೋಡಿ ನೋಡಿ!

ಉಳಿದಿದ್ದು ಒಂದೇ ಕೆಲಸ. ಶಾಕ್ ಅಬ್ಸಾರ್ಬರ್ ಹಿಡಿಯುವ ಬ್ರಾಕೆಟ್ಟನ್ನು ಆ ತೋಳಿಗೆ ಬೆಸೆಯಬೇಕಿತ್ತು. ದಪ್ಪ ಅಲ್ಯೂಮಿನಿಯಂ, ಮೊದಲು ಗ್ಯಾಸ್ ಉರಿಯಲ್ಲಿ ಚೆನ್ನಾಗಿ ಬಿಸಿ ಮಾಡಬೇಕು. ಇಲ್ಲದಿದ್ದರೆ ಬೆಸುಗೆ ಮೇಲೆ ಹೊಳೆಯುತ್ತದೆ, ಒಳಗೆ ಬಿರುಕು ಬಿಡುತ್ತದೆ.

ಆ ದಿನವೇ ಅವನ ಅಕ್ಕ ಬಂದಳು. "ಬೇಗ ಮುಗಿಸಿ ಕೊಡಮ್ಮ. ಇವನಿಗೆ ಹುಡುಗಿ ನೋಡಿದ್ದೀವಿ. ಈ ಬೈಕಿನ ಹುಚ್ಚು ಇಳಿದ್ರೆ ಮದುವೆ ಮಾಡಿ ಮುಗಿಸ್ತೀವಿ."

ಅವನು ಅಲ್ಲೇ ಇದ್ದ. ತಲೆ ತಗ್ಗಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಮೌನ ಅಂದರೆ ಒಪ್ಪಿಗೆ ತಾನೇ? ಅವಳು ವೆಲ್ಡಿಂಗ್ ಮುಖವಾಡ ಹಾಕಿಕೊಂಡಳು. ಅದರೊಳಗೆ ಎಷ್ಟು ಅತ್ತರೂ ಯಾರಿಗೂ ಕಾಣುವುದಿಲ್ಲ.

ಬೆಸುಗೆ ಮುಗಿದು ಅವನು ಬೈಕ್ ಒಯ್ದ ಮೇಲೆ ನಾಲ್ಕನೇ ದಿನ ಬೆಳಿಗ್ಗೆ ಬೇರೆ ಕೆಲಸಕ್ಕೆಂದು ಗ್ಯಾಸ್ ಸಿಲಿಂಡರಿಗೆ ಕೈ ಹಾಕಿದಳು. ಹಳೆಯದು ಆ ಬೆಸುಗೆಗೂ ಮೊದಲೇ ಖಾಲಿಯಾಗಿತ್ತು. ಹೊಸದರ ಸೀಲ್ ಒಡೆದೇ ಇರಲಿಲ್ಲ.

ಹಾಗಾದರೆ ಆ ದಿನ... ನಾನು ಬಿಸಿಯೇ ಮಾಡಲಿಲ್ಲವೇ?

ಇವತ್ತೇ ಅವನು ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ದಿನ. ಫೋನ್ ಮಾಡಿದಳು. ಮತ್ತೆ ಮಾಡಿದಳು. ಎತ್ತಲಿಲ್ಲ. ಏಪ್ರನ್ ಕೂಡ ಬಿಚ್ಚದೆ ಸ್ಕೂಟರ್ ಹತ್ತಿದಳು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಜೋರಾಗಿ ಅತ್ತೇಬಿಟ್ಟಳು. ದೇವರೇ, ಅವನು ಯಾರನ್ನಾದರೂ ಮದುವೆಯಾಗಲಿ... ಜೀವಂತ ಇರಲಿ.

ಟ್ರ್ಯಾಕಿನ ಗೇಟಿನಲ್ಲಿ ಅವನು ಹೆಲ್ಮೆಟ್ ಹಾಕಿ ಬೈಕಿನ ಮೇಲೆ ಕೂತಿದ್ದ. ಅವಳು ಓಡಿ ಬಂದು ಬೈಕಿಗೆ ಅಡ್ಡ ನಿಂತಳು.

"ಇಳೀರಿ. ಬೆಸುಗೆ ಸರಿ ಇಲ್ಲ."

"ಬೆಣ್ಣೆ ಥರ ಹೋಗ್ತಿದೆ ಮೇಡಮ್. ನಿಧಾನಕ್ಕೆ ಎರಡು ಸುತ್ತು ಹೊಡೆದೆ. ಈಗ ಜೋರಾಗಿ ಬಿಡ್ತೀನಿ, ನೋಡ್ತಿರಿ."

"ನಾನು ಬಿಸಿ ಮಾಡಿಲ್ಲ."

ಅವನು ನಕ್ಕ. "ನೀವಾ? ಸೈಕಲ್ ಸ್ಟ್ಯಾಂಡ್ ಬೆಸೆಯೋಕೂ ಮೂರು ಸಲ ನೋಡೋರು ನೀವು. ನಾನು ಬಿದ್ದುಬಿಡ್ತೀನಿ ಅಂತ ಭಯ ಅಷ್ಟೆ."

ಕಾರಣ ಹೇಳದೆ ಇವನು ಇಳಿಯುವುದಿಲ್ಲ. ಹೇಳಿದರೆ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಇವನೇ ಹೋಗುತ್ತಾನೆ...

ಅವಳು ಕೀಲಿ ಕಿತ್ತುಕೊಂಡಳು. "ನಿಮ್ಮ ಅಕ್ಕ ಮದುವೆ ಅಂದ್ರು. ನೀವು ಸುಮ್ನಿದ್ರಿ. ಅವತ್ತು ಕಣ್ಣು ತುಂಬಿ ನನಗೇನೂ ಕಾಣ್ಲಿಲ್ಲ. ಉರಿ ಹಚ್ಚೋದನ್ನೇ ಮರೆತೆ. ಸಾಕಾ? ಈಗ ಇಳೀರಿ."

ಅವನು ಇಳಿದ. ಮಂಡಿಯೂರಿ ಬ್ರಾಕೆಟ್ಟಿನ ಬುಡ ಒರೆಸಿ ಬೆರಳಾಡಿಸಿದ. ಉಗುರು ಒಂದು ಗೆರೆಗೆ ಸಿಕ್ಕಿಕೊಂಡಿತು. ಬಿರುಕು! ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಅಂಗಡೀಲಿ ರಂಪ ಬೇಡ ಅಂತ ಸುಮ್ನಿದ್ದೆ," ಅಂದ. "ಮನೆಗೆ ಹೋಗಿ ಅಕ್ಕಂಗೆ ಹೇಳ್ದೆ, ಹುಡುಗಿನ ನಾನೇ ನೋಡ್ಕೊಂಡಿದ್ದೀನಿ, ವೆಲ್ಡಿಂಗ್ ಮಾಡ್ತಾಳೆ ಅಂತ. ನಿಮಗೆ ಈ ಬೈಕ್ ಓಡಿದ ಮೇಲೆ ಹೇಳೋಣ ಅಂತಿದ್ದೆ."

"ಓಡಿದ ಮೇಲೆ? ಇನ್ನೊಂದು ಸುತ್ತು ಓಡಿದ್ರೆ ಯಾರು ಇರ್ತಿದ್ರು ಹೇಳೋಕೆ?"

ಅವಳು ಅವನ ಎದೆಗೆ ಗುದ್ದಿದಳು. ಇನ್ನೊಮ್ಮೆ ಗುದ್ದಲು ಹೋಗಿ ಅಲ್ಲೇ ಮುಖವಿಟ್ಟು ಬಿಕ್ಕಿದಳು.

ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಕಿತ್ತು ಹೊಸದಾಗಿ ಬೆಸೀರಿ. ಇನ್ಮೇಲೆ ನನ್ನ ಮೇಲೆ ಕೋಪ ಬಂದ ದಿನ ಮಾತ್ರ ವೆಲ್ಡಿಂಗ್ ಮಾಡ್ಬೇಡಿ."

"ಹಾಗಾದ್ರೆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ," ಅಂದಳು ಅವಳು, ಕೈ ಬಿಡಿಸಿಕೊಳ್ಳದೆ.