ತೆಂಕಲ ಕಡಿ ಗಾಲಿ

“ಇದನ್ನ ಯಾರು ಅಳಿಸಿದ್ರು ರೀ ಸರ್? ಮೊದ್ಲ ಅವ್ರ ಹೆಸರ ಹೇಳ್ರಿ!”

ಪೂನಮ್ ಮೇಜಿಗೆ ಕೈ ಬಡಿದಳು. ಕೀಬೋರ್ಡು ಒಮ್ಮೆ ಹಾರಿ ಕೂತಿತು. ಪರಮಾನಂದ ಸರ್ ಕಾಲೇಜಿನಲ್ಲಿ ಪಾಠ ಹೇಳುವವರು. ಆರನೇ ಇಯತ್ತೆಯ ಹುಡುಗಿ ಅವರ ಮನೆಯಲ್ಲೇ, ಅವರ ಕಂಪ್ಯೂಟರಿನ ಮುಂದೆಯೇ ಹೀಗೆ ಕೂಗಾಡಬಾರದು, ನಿಜ. ಆದರೆ ಪರದೆಯ ಮೇಲಿದ್ದದ್ದನ್ನು ಓದಿದ್ದರೆ ನಿಮ್ಮ ಮೈಯೂ ಉರಿಯುತ್ತಿತ್ತು.

ಕಳೆದ ಭಾನುವಾರ ಅವಳು ಎರಡು ತಾಸು ಕೂತು ಟೈಪ್ ಮಾಡಿದ್ದ ಪುಟ ಖಾಲಿಯಾಗಿತ್ತು. ಅದರ ಜಾಗದಲ್ಲಿ ಮೈಸೂರಿನ ಯಾರೋ ಒಬ್ಬರು ಬರೆದಿದ್ದರು: ‘ಇಲ್ಲಿ ಹೇಳಿದ ಹಾಗೆಯೇ ಮಾಡಿದೆ. ಗಾಲಿ ಬಿಚ್ಚಲು ಹೋಗಿ ನನ್ನ ಹಿಲ್‌ಮನ್ ಕಾರಿನ ಎರಡು ಬೋಲ್ಟು ಮುರಿದವು. ಈ ಗಿರಿಮಲ್ಲಪ್ಪ ಮಿಸ್ತ್ರಿಗೆ ಏನೂ ಗೊತ್ತಿಲ್ಲ. ಇವರ ಹದಿನಾಲ್ಕು ಪುಟಗಳನ್ನೂ ತೆಗೆದುಹಾಕಿ.’

ಗಿರಿಮಲ್ಲಪ್ಪ ಎಂದರೆ ಪೂನಮ್‌ಳ ಅಜ್ಜ. ನಲವತ್ತು ವರ್ಷ ಬನಹಟ್ಟಿಯಲ್ಲಿ ಹಳೆಯ ಬ್ರಿಟಿಷ್ ಕಾರುಗಳನ್ನು ರಿಪೇರಿ ಮಾಡಿದವರು. ಈಗ ಕಣ್ಣು ಮಂಜು, ಕೈ ನಡುಕ. ಅಂಥ ಕಾರು ಇಟ್ಟುಕೊಂಡವರಿಗಾಗಿ ಪರಮಾನಂದ ಸರ್ ಒಂದು ವೆಬ್‌ಸೈಟ್ ಶುರುಮಾಡಿದ್ದರು. ಗೊತ್ತಿದ್ದವರು ಬರೆಯಬೇಕು, ತಪ್ಪಿದ್ದರೆ ಉಳಿದವರು ತಿದ್ದಬೇಕು. ಅಜ್ಜ ಹೇಳುತ್ತಿದ್ದರು, ಪೂನಮ್ ಬರೆಯುತ್ತಿದ್ದಳು. ಅಜ್ಜನ ತಲೆಯಲ್ಲಿದ್ದದ್ದು ಇನ್ನು ಉಳಿಯುವುದು ಅಲ್ಲಿ ಮಾತ್ರ.

“ಸಂಜಿಕಿ ನಾ ಅವರಿಗೆ ಉತ್ತರಾ ಕೊಡಬೇಕು ಪೂನಮ್. ತಪ್ಪಿದ್ರ ಎಲ್ಲಾ ಪುಟಾ ತೆಗೀಬೇಕಾಕ್ಕೈತಿ. ಮಂದಿ ನಂಬಿ ಮಾಡ್ತಾರ ನೋಡು” ಎಂದರು ಸರ್.

“ನಮ್ಮಜ್ಜಂದು ತಪ್ಪಾ? ಅವರಿಗೇ ಬಿಚ್ಚಾಕ ಬಂದಿಲ್ಲ. ಕುಣಿಯಾಕ ಬರದವ್ರಿಗೆ ನೆಲಾ ಡೊಂಕಂತ! ಅಂಗಳದಾಗ ನಿಂತೈತಲ್ಲ, ನಿಮ್ಮ ಹಿಲ್‌ಮನ್ ಗಾಡಿ, ಅದನ್ನ ತುಕ್ಕಿನ್ಯಾಗಿಂದ ಎಬ್ಬಿಸಿದವರು ಯಾರ್ರೀ? ಪಾನಾ ಕೊಡ್ರಿ, ನಾನ ಬಿಚ್ಚಿ ತೋರಸ್ತೇನಿ.”

ಸರ್ ಪಾನಾ ತಂದುಕೊಟ್ಟರು. ಗಾಲಿಯ ನಟ್ಟು ಬಿಚ್ಚುವ ಆ ಪಾನಾ ಅವಳ ಕೈಯಷ್ಟೇ ಉದ್ದವಿತ್ತು.

ಸಾಮಾನ್ಯವಾಗಿ ನಟ್ಟುಗಳು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಆದರೆ ಹಿಲ್‌ಮನ್ ಕಾರಿನಲ್ಲಿ ಒಂದು ಬದಿಯ ಗಾಲಿಗಳ ನಟ್ಟು ಉಲ್ಟಾ, ಬಲಕ್ಕೆ ತಿರುಗಿಸಬೇಕು. ತಿಳಿಯದವರು ಬಿಚ್ಚುತ್ತೇವೆಂದು ಬಿಗಿಮಾಡಿ ಬೋಲ್ಟನ್ನೇ ಮುರಿಯುತ್ತಾರೆ. ಯಾವ ಬದಿ ಎಂಬುದನ್ನು ಅಜ್ಜ ಸ್ಪಷ್ಟವಾಗಿ ಹೇಳಿದ್ದರು: “ತೆಂಕಲ ಕಡಿ ಗಾಲಿ ಉಲ್ಟಾ.” ಪೂನಮ್ ಪುಸ್ತಕದ ಭಾಷೆಯಲ್ಲಿ ‘ದಕ್ಷಿಣ ಬದಿಯ ಗಾಲಿ’ ಎಂದು ಬರೆದಿದ್ದಳು.

ಅವಳು ತೆಂಕಲ ಬದಿಗೆ ಹೋಗಿ ನಟ್ಟಿಗೆ ಪಾನಾ ಸಿಕ್ಕಿಸಿ ಬಲಕ್ಕೆ ಒತ್ತಿದಳು. ಅಲುಗಲಿಲ್ಲ. ಮೈಸೂರಿನವರ ಮೇಲಿನ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡು ಪಾನಾದ ಮೇಲೆ ಹತ್ತಿ ನಿಂತಳು. ನಟ್ಟು ‘ಕಿರ್ರ್’ ಎಂದಿತು.

“ಏ, ಇಳಿ ಇಳಿ! ಬಿಗಿ ಆಗಾಕತ್ತೈತಿ, ಮುರೀತೈತಿ!” ಸರ್ ಅವಳ ರಟ್ಟೆ ಹಿಡಿದು ಕೆಳಗಿಳಿಸಿದರು.

ಪೂನಮ್ ಆಚೆ ಬದಿಗೆ ಹೋದಳು. ಅಲ್ಲಿ ಬಲಕ್ಕೆ ಒತ್ತಿದಳು. ನಟ್ಟು ಸಲೀಸಾಗಿ ತಿರುಗಿತು.

ಅವಳು ಕಾರನ್ನು ನೋಡಿದಳು. ಅದರ ಮುಖ ಮೂಡಲಕ್ಕಿತ್ತು. ಅಜ್ಜನ ಶೆಡ್ಡಿನ ಬಾಗಿಲು ಮೂಡಲಕ್ಕಿದೆ. ಒಳಗೆ ಬಂದ ಗಾಡಿಯ ಮುಖ ಯಾವಾಗಲೂ ಪಡುವಲಕ್ಕೇ. ಗಾಡಿ ತಿರುಗಿ ನಿಂತರೆ ತೆಂಕಲ ಗಾಲಿ ಬಡಗಲಕ್ಕೆ ಹೋಗುತ್ತದೆ!

ಅವಳು ಪಾನಾ ಅಲ್ಲೇ ಬಿಸಾಕಿ ಮನೆಗೆ ಓಡಿದಳು. ಈಗ ಸಿಟ್ಟು ಮನೆಯವರೆಲ್ಲರ ಮೇಲೆ. ಉಪ್ಪಿನ ಡಬ್ಬಿ ಒಲೆಯ ಬಡಗಲಕ್ಕೆ ಐತಿ, ಹಾಸಿಗೆ ತುಸು ಪಡುವಲಕ್ಕೆ ಎಳಿ. ಮುಂಜಾನೆಯಿಂದ ರಾತ್ರಿಯವರೆಗೂ ಬರೀ ದಿಕ್ಕು! ಎಡ, ಬಲ ಅಂದರೆ ಇವರ ಗಂಟೇನು ಹೋಗುತ್ತದೆ?

ಅಜ್ಜ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಪೂನಮ್ ಒಂದೇ ಉಸಿರಿಗೆ ಎಲ್ಲ ಹೇಳಿ, “ಎಡಾ ಬಲಾ ಅನ್ನಾಕ ನಿನಗೇನಾಗಿತ್ತು?” ಎಂದು ಕೂಗಿದಳು.

“ಯಾಕಬೇ, ನನ್ನ ಮ್ಯಾಲ ಹಾರ್‍ಯಾಡಾಕತ್ತಿ?” ಅಜ್ಜನ ದನಿಯೂ ಏರಿತು. “ಒಬ್ಬಾವ ಗಾಡಿ ಬುಡಕ ಅಂಗಾತ ಮಲಗಿರ್ತಾನ, ಒಬ್ಬಾವ ಎದುರಿಗೆ ನಿಂತಿರ್ತಾನ. ಎಡಕ್ಕಂದ್ರ ಯಾರ ಎಡಾ? ತೆಂಕಲ ಅಂದ್ರ ಇಲ್ಲಿ ಯಾರೂ ತಪ್ಪಿಲ್ಲ. ನನಗೇನೂ ಗೊತ್ತಿಲ್ಲಂದ್ನಾ ಅಂವಾ? ತಗದ ಹಾಕಂತ ಹೇಳು ಎಲ್ಲಾನೂ! ಇನ್ನ ಮ್ಯಾಲೆ ಒಂದ ಮಾತೂ ಹೇಳೂದಿಲ್ಲ ನಾ.”

ಪೂನಮ್‌ಗೆ ಅಳು ಬಂತು. ಅಜ್ಜ ಈ ಶೆಡ್ಡಿನಲ್ಲಿ ಕೂತು, ಈ ಶೆಡ್ಡಿನ ಮಾತು ಹೇಳಿದ್ದರು. ಅದನ್ನು ಮೈಸೂರಿಗೆ ಕಳಿಸಿದವಳು ತಾನು. ಓದುವವರ ಗಾಡಿ ಹೇಗೆ ನಿಂತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

“ನಿಂದಲ್ಲ ಅಜ್ಜಾ, ತಪ್ಪು ನಂದು. ಬರದಾಕಿ ನಾನು” ಎಂದಳು. “ಖರೆ, ಅವ್ರೂ ಒಂದ ಮಾತು ಕೇಳಬೇಕಿತ್ತು. ಅಳಿಸಿ ಬೈದುಬಿಟ್ರು.”

ಅಜ್ಜ ಸ್ಟೂಲಿನ ಮೇಲೆಯೇ ಅವಳ ಕಡೆ ತಿರುಗಿದರು.

“ಎರಡು ಬೋಲ್ಟ್ ಮುರದ್ವಂತಾ?”

“ಹೂಂ.”

“ಛೇ, ಛೇ. ಆ ಬೋಲ್ಟು ಈಗ ಎಲ್ಲಿ ಸಿಗಬೇಕು ಪಾಪ? ಸಿಟ್ಟ ಬರದ ಏನ ಮಾಡ್ತೈತಿ ಅವಗ” ಎಂದರು. ಕೊನೆಗೆ, “ನೋಟಬುಕ್ ತಾ” ಎಂದರು.

ಪೂನಮ್ ಬರೆದಳು: ‘ಮೊದಲು ಕಾರಿನೊಳಗೆ ಸ್ಟೇರಿಂಗ್ ಮುಂದೆ ಕುಳಿತುಕೊಳ್ಳಿ. ಈಗ ನಿಮ್ಮ ಎಡಗೈ ಕಡೆ ಇರುವ ಗಾಲಿಗಳ ನಟ್ಟು ಉಲ್ಟಾ.’

ಬರೆದು ಏಳಲಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು ಪಡುವಲಕ್ಕೆ ಮುಖ ಮಾಡಿ ಕೂತು ಓದಿ, ಎಡಗೈ ಚಾಚಿ ನೋಡಿದಳು. ಸ್ಟೂಲು ತಿರುಗಿಸಿ ಮೂಡಲಕ್ಕೆ ಕೂತು ಮತ್ತೆ ಓದಿದಳು, ಮತ್ತೆ ಎಡಗೈ ಚಾಚಿದಳು. ಆಮೇಲೆ ಬಡಗಲಕ್ಕೆ ತಿರುಗಿದಳು.

“ಏನ ನಡಸೀಬೇ ಅದು?” ಎಂದರು ಅಜ್ಜ.

“ತಡಿ ಅಜ್ಜಾ” ಎಂದಳು ಪೂನಮ್, ನೋಟ್‌ಬುಕ್ಕಿನಿಂದ ಕಣ್ಣು ತೆಗೆಯದೆ. “ಮೈಸೂರಾಗ ಕುಂತು ಓದಾಕತ್ತೇನಿ.”